ಗಣಕಯಂತ್ರದ ಎಸ್.ಎಂ.ಪಿ.ಎಸ್. ವಿಷಯವಾಗಿ ತಾಯ್ತಂದೆಗಳಿಗೆ ಒಂದು ಬಿನ್ನಹ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶೀಲದ ವಿಷಯವಾಗಿಯೋ ಸ್ತ್ರೀವಿದ್ಯೆಯ ವಿಷಯವಾಗಿಯೋ ಬರೆಯುವುದು ವಾಡಿಕೆ. ಈ ಸಲ ನಾವು ತಗಡಿನ ಒಂದು ಪೆಟ್ಟಿಗೆಯ ವಿಷಯವಾಗಿ ಬರೆಯಲು ಹೊರಟಿದ್ದೇವೆ. ಮುಗುಳುನಗೆ ನಕ್ಕರೂ ಚಿಂತೆಯಿಲ್ಲ. ಕಡೆಯ ವರೆಗೆ ಓದಬೇಕೆಂದು ಮಾತ್ರ ಬೇಡಿಕೊಳ್ಳುತ್ತೇವೆ.

ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಯ ಗಣಕಯಂತ್ರದ ಕೊಠಡಿಗಾಗಿ ಹಣ ಕೂಡಿಸುತ್ತಿರುವ ಸಂಗತಿ ನಿಮಗೆ ತಿಳಿದೇ ಇದೆ. ಬಿಡಿಭಾಗಗಳನ್ನು ಆರಿಸಿ ಜೋಡಿಸಿದರೆ ಅಗ್ಗವೂ ಹೌದು, ಮುಂದೆ ದುರಸ್ತಿಗೆ ಸುಲಭವೂ ಹೌದು ಎಂಬ ಅವರ ಅಭಿಪ್ರಾಯಕ್ಕೆ ನಮ್ಮ ಸಮ್ಮತಿಯಿದೆ. ಆದರೆ ನಮ್ಮ ಮುಂದಿಟ್ಟ ಪಟ್ಟಿಯಲ್ಲಿ ಪ್ರೊಸೆಸರು, ಮದರ್‌ಬೋರ್ಡು, ಮೆಮೊರಿ, ಮಾನಿಟರು ಇವುಗಳೆಲ್ಲಾ ಒಂದೊಂದು ಸಾಲು ಪಡೆದಿದ್ದವು. ಕಟ್ಟಕಡೆಗೆ “ಕ್ಯಾಬಿನೆಟ್, ಎಸ್.ಎಂ.ಪಿ.ಎಸ್. ಸಹಿತ” ಎಂದಿತ್ತು. ಆ “ಸಹಿತ” ಎಂಬ ಪದವನ್ನು ಕಂಡು ನಾವು ಬೆಚ್ಚಿದೆವು. ಕಾರಣವನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಹೀಗೆಯೇ ಒಂದು ಯಂತ್ರವನ್ನು ಜೋಡಿಸಿಕೊಂಡೆವು. ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬಂದ ಪೆಟ್ಟಿಗೆಯನ್ನೇ ಸಾಕೆಂದುಕೊಂಡೆವು. ಆಷಾಢದ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದು, ಮತ್ತೆ ಹೋಗಿ ಬಂದಿತು. ಯಂತ್ರದ ಹಿಂಬದಿಯಲ್ಲಿ ಪಟಾಕಿಯಂತೆ ಒಂದು ಶಬ್ದ, ಸುಟ್ಟ ವಾಸನೆ, ಅಷ್ಟೆ. ಪೆಟ್ಟಿಗೆಯೊಂದೇ ಹೋಗಿದ್ದರೆ ಚಿಂತೆಯಿರಲಿಲ್ಲ. ಅದು ಸಾಯುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಪಾಧ್ಯಾಯಿನಿಯರು ರಾತ್ರಿ ಕುಳಿತು ಸಿದ್ಧಪಡಿಸಿದ್ದ ಪಾಠಗಳೂ ಹತ್ತನೆಯ ತರಗತಿಯ ಹುಡುಗಿಯರ ವಿಜ್ಞಾನದ ಬರೆಹಗಳೂ ಅದರಲ್ಲಿದ್ದವು. ಇನ್ನೊಂದು ಪ್ರತಿಯನ್ನು ಇಟ್ಟುಕೊಳ್ಳದೆ ಇದ್ದುದು ನಮ್ಮ ತಪ್ಪು. ಆ ಹುಡುಗಿಯರ ಮುಖವನ್ನು ನೋಡಲು ಅಂದು ನಮಗೆ ನಾಚಿಕೆಯಾಯಿತು.

ಈ ಪೆಟ್ಟಿಗೆಯ ಕೆಲಸವೇನು? ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು 12, 5 ಮತ್ತು 3.3 ವೋಲ್ಟಿನ ನೇರ ಪ್ರವಾಹವನ್ನಾಗಿ ಮಾರ್ಪಡಿಸಿ, ಒಂದೊಂದು ಅಂಗಕ್ಕೂ ತಕ್ಕಷ್ಟನ್ನು ಬಡಿಸುವುದು. ಮನೆಯಲ್ಲಿ ಅಡಿಗೆಯವಳು ಹೇಗೋ ಯಂತ್ರದಲ್ಲಿ ಇದು ಹಾಗೆ. ಊಟ ಕೆಟ್ಟರೆ ಎಲ್ಲರೂ ಹಾಸಿಗೆ ಹಿಡಿಯುವರು. ಒಳ್ಳೆಯ ಪೆಟ್ಟಿಗೆಯಲ್ಲಿ ವೋಲ್ಟೇಜು ಏರಿದರೆ, ಪ್ರವಾಹ ಮಿತಿಮೀರಿದರೆ, ಶಾರ್ಟ್ ಆದರೆ ತಾನೇ ಕಡಿದುಕೊಳ್ಳುವ ಏರ್ಪಾಡುಗಳಿರುತ್ತವೆ. ಅಗ್ಗದ್ದರಲ್ಲಿ ಮೊದಲು ಕೈಬಿಡುವುದು ಇವುಗಳನ್ನೇ.

ಸುಟ್ಟ ಪೆಟ್ಟಿಗೆಯನ್ನು ಬಿಸಾಡುವ ಮೊದಲು ಅದರ ಚೀಟಿಯನ್ನು ಓದಿದೆವು. ಮುಂಭಾಗದಲ್ಲಿ ದೊಡ್ಡಕ್ಷರಗಳಲ್ಲಿ 450 ಎಂದಿತ್ತು. ಬದಿಯ ಕೋಷ್ಟಕದಲ್ಲಿ 12 ವೋಲ್ಟಿನ ಎದುರಿಗೆ 16 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು ದೊರೆಯುವುದೆಂದು ಹತ್ತನೆಯ ತರಗತಿಯಲ್ಲಿ ನಾವೇ ಕಲಿಸುತ್ತೇವೆ. 12ನ್ನು 16ರಿಂದ ಗುಣಿಸಿದರೆ 192! ಈಗಿನ ಯಂತ್ರಗಳಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ 12 ವೋಲ್ಟಿನ ತಂತಿಯಿಂದಲೇ ಉಣ್ಣುತ್ತವೆ. ಆದುದರಿಂದ ಮುಂಭಾಗದ ಅಂಕಿಗಿಂತ ಈ ಗುಣಾಕಾರವೇ ನಿಜವಾದ ಸಾಕ್ಷಿ. ಪ್ರಾಮಾಣಿಕವಾದ ಪೆಟ್ಟಿಗೆಯಲ್ಲಿ ಎರಡಕ್ಕೂ ಬಹಳ ಅಂತರವಿರುವುದಿಲ್ಲ.

ಹಾಗಾದರೆ ಎಷ್ಟು ವ್ಯಾಟು ಬೇಕು? ಓದುಬರೆಹಕ್ಕಾಗಿ ಜೋಡಿಸುವ ಯಂತ್ರದಲ್ಲಿ ಪ್ರೊಸೆಸರಿಗೆ ನೂರರ ಸುಮಾರು, ಉಳಿದ ಅಂಗಗಳಿಗೆ ಐವತ್ತು ಅರುವತ್ತು ಎಂದು ಹಿಡಿಯಿರಿ. ಪ್ರೊಸೆಸರಿನ ಮೇಲೆ 65 ಎಂದು ಬರೆದಿದ್ದರೂ ಭಾರದ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಎಳೆಯುವುದುಂಟು, ಆದುದರಿಂದಲೇ ನೂರೆಂದೆವು. ಇಂಥದಕ್ಕೆ 400 ಅಥವಾ 450 ವ್ಯಾಟಿನ ಒಳ್ಳೆಯ ಪೆಟ್ಟಿಗೆ ಧಾರಾಳವಾಯಿತು. ಚಿತ್ರವಿನ್ಯಾಸವನ್ನೋ ಕಟ್ಟಡಗಳ ನಕ್ಷೆಯನ್ನೋ ಕಲಿಯುವ ಮಗಳಿಗೆ ಗ್ರಾಫಿಕ್ಸ್ ಕಾರ್ಡು ಬೇಕಾದರೆ ಅದರ ವ್ಯಾಟನ್ನೂ ಕೂಡಿಸಿ, ಕ್ಷಣಕಾಲದ ಏರಿಕೆಗೆ ಸ್ಥಳ ಬಿಟ್ಟು, 550 ಅಥವಾ 650 ಆರಿಸಿರಿ. ಸಾವಿರ ವ್ಯಾಟಿನದನ್ನು ಹೊರಿಸಲು ಬರುವವರ ಮಾತಿಗೂ ಕಿವಿಗೊಡಬೇಡಿರಿ. ದೊಡ್ಡದನ್ನು ತಂದರೆ ಕರೆಂಟು ಅಷ್ಟೇ ಹೆಚ್ಚು ಉರಿಯುವುದೆಂಬ ಭಯ ಸುಳ್ಳು. ಯಂತ್ರ ಕೇಳಿದಷ್ಟನ್ನೇ ಅದು ಕೊಡುವುದು. ಆದರೆ ಬೇಡದ ಹಿರಿಮೆಗೆ ಹಣ ತೆರುವುದು ಗೃಹಿಣಿಯ ಲಕ್ಷಣವಲ್ಲ.

ಪೆಟ್ಟಿಗೆಯ ಮೇಲೆ “80 ಪ್ಲಸ್” ಎಂಬ ಮುದ್ರೆಯನ್ನು ನೋಡುವಿರಿ. 2004ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ, ಗೋಡೆಯಿಂದ ಎಳೆದುದರಲ್ಲಿ ನೂರಕ್ಕೆ ಎಂಬತ್ತಾದರೂ ಯಂತ್ರಕ್ಕೆ ತಲುಪಬೇಕು. ಉಳಿದದ್ದು ಬಿಸಿಯಾಗಿ ಹಾಳಾಗುವುದು. ಅರ್ಧ ಭಾರದಲ್ಲಿ ಕಂಚಿನ ದರ್ಜೆಗೆ 85, ಚಿನ್ನದ ದರ್ಜೆಗೆ 90 ಎಂಬುದು 115 ವೋಲ್ಟಿನ ಪರೀಕ್ಷೆಯ ಕಟ್ಟಳೆ. ಇದೇ ಲೆಕ್ಕದಲ್ಲಿ ಇನ್ನೂರು ವ್ಯಾಟು ಬಳಸುವ ಯಂತ್ರವನ್ನು ದಿನಕ್ಕೆ ಐದು ಗಂಟೆಯಂತೆ ಮುನ್ನೂರು ದಿನ ನಡೆಸಿದರೆ, ಎರಡಕ್ಕೂ ವರ್ಷದಲ್ಲಿ ಇಪ್ಪತ್ತು ಯೂನಿಟ್ಟಿನಷ್ಟೇ ವ್ಯತ್ಯಾಸ. ಆದುದರಿಂದ ಚಿನ್ನಕ್ಕಾಗಿ ಸಾಲ ಮಾಡಬೇಕಾದುದಿಲ್ಲ, ಕಂಚೇ ಸಾಕು. ಆ ಮುದ್ರೆ ಮಿತವ್ಯಯಕ್ಕೆ ಸಾಕ್ಷಿಯೇ ಹೊರತು ರಕ್ಷಣೆಗೆ ಸಾಕ್ಷಿಯಲ್ಲ. ರಕ್ಷಣೆಯ ಏರ್ಪಾಡುಗಳು ಬರೆದಿವೆಯೇ, ಐದು ವರ್ಷದ ಖಾತರಿಯುಂಟೇ ಎಂಬುದನ್ನು ಬೇರೆಯಾಗಿ ವಿಚಾರಿಸಿರಿ.

ಇದೆಲ್ಲಾ ಬೆಂಗಳೂರಿನವರಿಗೂ ಸಲ್ಲುವ ಮಾತು. ಹೆಮ್ಮಾಡಿಯವರಾದ ನಮಗೆ ಇನ್ನೂ ಕೆಲವು ಸಂಗತಿಗಳಿವೆ. ನಮ್ಮ ನೆರೆಯ ಹೊಸಂಗಡಿಯ ಭೂಗರ್ಭದ ವಿದ್ಯುದಾಗಾರದಲ್ಲಿ 1989ರಿಂದಲೂ ವಾರಾಹಿಯ ನೀರು ಬೆಳಕಾಗುತ್ತಿದೆ; 2009ರಲ್ಲಿ ಎರಡನೆಯ ಹಂತವೂ ಸೇರಿ ಅದರ ಸಾಮರ್ಥ್ಯ 460 ಮೆಗಾವ್ಯಾಟ್ ಆಗಿದೆ. ಆದರೂ ಮಳೆಗಾಲದಲ್ಲಿ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ನಮ್ಮ ಮನೆಗೆ ಕತ್ತಲೆಯೇ. ಆದುದರಿಂದ ಯು.ಪಿ.ಎಸ್. ಅವಶ್ಯ. ಕೊಳ್ಳುವಾಗ ವಿ.ಎ. ಅಂಕಿಯನ್ನು ನೋಡಿ ಮರುಳಾಗಬೇಡಿರಿ, 600 ವಿ.ಎ. ಎಂದು ಬರೆದವುಗಳು ಸಾಮಾನ್ಯವಾಗಿ 360 ವ್ಯಾಟನ್ನಷ್ಟೇ ಹೊರುವುವು. ಮಾನಿಟರಿನ ಲೆಕ್ಕವನ್ನೂ ಅದರಲ್ಲಿ ಸೇರಿಸಬೇಕು. ಕೆಲವು ಪೆಟ್ಟಿಗೆಗಳು ಅಗ್ಗದ ಯು.ಪಿ.ಎಸ್.ನ ಒರಟಾದ ಅಲೆಗೆ ಹೊಂದಿಕೊಳ್ಳದೆ, ಕರೆಂಟು ಹೋದೊಡನೆ ತಾವೂ ನಿಲ್ಲುವುದುಂಟು. ಎರಡನ್ನೂ ಜೊತೆಯಾಗಿ ನಡೆಸಿ ನೋಡಿಯೇ ಹಣ ಕೊಡಿರಿ.

ಮೂರು ಕಡ್ಡಿಯ ಪ್ಲಗ್ಗಿನ ಮೂರನೆಯ ಕಡ್ಡಿ ಅಲಂಕಾರಕ್ಕಲ್ಲ. ಅರ್ಥಿಂಗ್ ಸರಿಯಾಗಿದೆಯೇ ಎಂದು ಬಲ್ಲವರಿಂದ ಪರೀಕ್ಷಿಸಿರಿ. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿದಾಗ ಅದರ ಗುಂಡಿಗೆ ನೀರೆರೆಯುವುದನ್ನು ಮರೆಯಬೇಡಿರಿ. ಗುಡುಗು ಕೇಳಿಸಿದೊಡನೆ ಕರೆಂಟಿನ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಳಚಿರಿ. ನೇರವಾಗಿ ಎರಗುವ ಸಿಡಿಲನ್ನು ತಡೆಯುವ ಪೆಟ್ಟಿಗೆ ಯಾವ ಅಂಗಡಿಯಲ್ಲಿಯೂ ಇಲ್ಲ. ಕೆಟ್ಟ ಪೆಟ್ಟಿಗೆಯನ್ನು ಮಕ್ಕಳು ಕುತೂಹಲದಿಂದ ಬಿಚ್ಚದಂತೆ ನೋಡಿಕೊಳ್ಳಿರಿ. ಪ್ಲಗ್ಗು ತೆಗೆದ ಮೇಲೆಯೂ ಅದರೊಳಗಿನ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೆ ಮೇಲ್ಪಟ್ಟ ವಿದ್ಯುತ್ತು ಉಳಿದಿರಬಹುದು.

“ಇರುವ ಹಣದಲ್ಲಿ ಹೆಚ್ಚು ಮೆಮೊರಿಯನ್ನು ಕೊಳ್ಳಬಾರದೇ? ಪೆಟ್ಟಿಗೆಯನ್ನು ಮುಂದೆ ಬದಲಾಯಿಸಿದರಾಯಿತು” ಎಂದು ಕೆಲವರು ನಮ್ಮೊಡನೆ ವಾದಿಸಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ, ಕೂಡಿಸಿದ ಹಣ ಅಲ್ಪವೆಂಬುದನ್ನು ನಾವೂ ಬಲ್ಲೆವು. ಆದರೆ ಮೆಮೊರಿ ಕಡಿಮೆಯಾದರೆ ಯಂತ್ರ ನಿಧಾನವಾದೀತು, ಬರುವ ವರ್ಷ ಸೇರಿಸಬಹುದು. ಪೆಟ್ಟಿಗೆ ಕೆಟ್ಟದ್ದಾದರೆ ಬರುವ ವರ್ಷಕ್ಕೆ ಸೇರಿಸಲು ಯಂತ್ರವೇ ಉಳಿಯದು. ಹತ್ತು ಯಂತ್ರಗಳಿಗೆ ಸಾಲದೆ ಹೋದರೆ ಎಂಟನ್ನೇ ಜೋಡಿಸೋಣ. ಒಂದರಲ್ಲಿ ಇಬ್ಬರು ಹುಡುಗಿಯರು ಕುಳಿತುಕೊಳ್ಳುವರು. ಇದು ನಮ್ಮ ದೃಢವಾದ ಅಭಿಪ್ರಾಯ.

ಕಡೆಯದಾಗಿ ಒಂದು ಮಾತು. ಮಗಳಿಗಾಗಿ ಯಂತ್ರ ಕೊಳ್ಳುವಾಗ ಅಣ್ಣನನ್ನು ಅಂಗಡಿಗೆ ಕಳುಹಿಸಿ, ಕ್ಯಾಬಿನೆಟ್ಟಿನ ಬಣ್ಣವನ್ನು ಮಾತ್ರ ಮಗಳಿಂದ ಕೇಳುವ ಪದ್ಧತಿಯನ್ನು ನಾವು ಕಂಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿರಿ. ಅವಳನ್ನೇ ಕರೆದುಕೊಂಡು ಹೋಗಿರಿ. ಪೆಟ್ಟಿಗೆಯ ಬದಿಯನ್ನು ತಿರುಗಿಸಿ, ಆಂಪಿಯರನ್ನು ಓದಿ, ಹನ್ನೆರಡರಿಂದ ಗುಣಿಸಿ, “ಇದು ಬೇಡ, ಇನ್ನೊಂದನ್ನು ತೋರಿಸಿ” ಎಂದು ಅವಳು ಅಂಗಡಿಯವರಿಗೆ ಹೇಳಲಿ. ಅಷ್ಟಾದರೆ ನಾವು ಕರಿಹಲಗೆಯ ಮೇಲೆ ಬರೆದ ಸೂತ್ರ ಸಾರ್ಥಕವಾಯಿತೆಂದು ತಿಳಿಯುವೆವು.

ನಮ್ಮ ಪಟ್ಟಿಯನ್ನು ತಿದ್ದಿದ್ದೇವೆ. “ಸಹಿತ” ಎಂಬ ಪದವನ್ನು ಹೊಡೆದುಹಾಕಿ, ಎಸ್.ಎಂ.ಪಿ.ಎಸ್.ಗೆ ಮೊದಲನೆಯ ಸಾಲನ್ನೇ ಕೊಟ್ಟಿದ್ದೇವೆ. ಹಣ ಕೂಡಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಆ ಸಾಲನ್ನು ಕತ್ತರಿಸದೆ ನಡೆಸಿಕೊಡಬೇಕೆಂದು ಬಿನ್ನವಿಸಿಕೊಳ್ಳುತ್ತೇವೆ.