ಬಡ ಮನೆಗಳ ತಾಳಿಕೆಯನ್ನು ಅಳೆಯುವ ಬಗೆ



ಶುಲ್ಕದ ರಿಯಾಯಿತಿಗಾಗಿ ಪ್ರತಿ ವರುಷವೂ ಬರುವ ಅರ್ಜಿಗಳಲ್ಲಿ ನಾವು ಮೊದಲು ನೋಡುವುದು ವರಮಾನದ ಅಂಕೆಯನ್ನು. ಅದು ಅವಶ್ಯವೇ ಸರಿ. ಆದರೆ ಅದೊಂದರಿಂದಲೇ ಮನೆಯ ಬಲಾಬಲವು ತಿಳಿಯದೆಂಬುದು ನನ್ನ ಅಭಿಪ್ರಾಯ.

೨೦೨೦ನೆಯ ಇಸವಿಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಬೀಡಿ ಕಟ್ಟಿ ಬಾಳುವ ಎರಡು ಮನೆಗಳ ಪಾಡನ್ನು ಕಂಡೆನು. ವರಮಾನವು ಎರಡಕ್ಕೂ ಸಮವೇ. ಎಲೆಯೂ ಹೊಗೆಸೊಪ್ಪೂ ಬಾರದೆ ಎರಡು ಮನೆಗಳ ಮೊರಗಳೂ ಒಟ್ಟಿಗೇ ಬರಿದಾದವು. ಒಂದು ಮನೆಯ ತಾಯಿಯು ಸ್ವಸಹಾಯ ಸಂಘದ ಸದಸ್ಯೆ. ಆಕೆಗೆ ಸಂಘದಿಂದ ಸಾಲ ಸಿಕ್ಕಿತು, ಅಂಗಡಿಯವನು ಅಕ್ಕಿಯನ್ನು ಕಡವಾಗಿ ಕೊಟ್ಟನು, ನೆರೆಯವರು ಮಗಳ ಪಾಠಕ್ಕೆಂದು ತಮ್ಮ ಮೊಬೈಲನ್ನು ಎರವಲಿತ್ತರು. ಇನ್ನೊಂದು ಮನೆಯವರು ಊರಿಗೆ ಹೊಸಬರು. ಅವರು ಯಾರನ್ನೂ ಬೇಡಲಿಲ್ಲ. ಅವರ ಧೈರ್ಯವನ್ನು ನಾವೆಲ್ಲ ಹೊಗಳಿದೆವು. ಶಾಲೆ ಮರಳಿ ತೆರೆದಾಗ ಅವರ ಹಿರಿಯ ಮಗಳು ಬರಲಿಲ್ಲ. ಹೋಗಿ ನೋಡಿದರೆ, ತಮ್ಮನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಬೀಡಿ ಕಟ್ಟುತ್ತಿದ್ದಳು. ನಾವು ತಾಳಿಕೆಯೆಂದು ಎಣಿಸಿದುದಕ್ಕೆ ಆ ಹುಡುಗಿಯು ತನ್ನ ಓದನ್ನೇ ತೆತ್ತಿದ್ದಳು. ಅಂದು ನನಗಾದ ನಾಚಿಕೆಯನ್ನು ಮರೆಮಾಚಲಾರೆ.

ಹವಾಯಿಯ ಕವಾಯಿ ದ್ವೀಪದಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳ ಬೆಳವಣಿಗೆಯನ್ನು ಎಮಿ ವರ್ನರ್, ರೂತ್ ಸ್ಮಿತ್ ಎಂಬ ವಿದುಷಿಯರು ದಶಕಗಳ ಕಾಲ ಅವಲೋಕಿಸಿದರು. ಬಡತನ, ಮನೆಯ ಕಲಹ, ಹೆತ್ತವರ ಮನೋವ್ಯಾಧಿ ಮೊದಲಾದ ಹಲವು ಕಷ್ಟಗಳು ಒಟ್ಟಿಗೆ ಬಾಧಿಸಿದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ಬೆಳೆದರು. ಇದರಲ್ಲಿ ಅವರವರ ಸ್ವಭಾವದ ಪಾಲೂ ಇತ್ತು. ಆದರೆ ಅಜ್ಜಿಯೋ, ಅಕ್ಕನೋ, ನೆರೆಯವರೋ, ಉಪಾಧ್ಯಾಯಿನಿಯೋ, ಯಾರಾದರೊಬ್ಬರ ಸ್ಥಿರವಾದ ಅಕ್ಕರೆಯೂ ಅವರಿಗೆ ದೊರೆತಿತ್ತು. ಹಾಗಾದರೆ ಮನೆಯನ್ನು ಮಾತ್ರ ಅಳೆದು ಬೀದಿಯನ್ನು ಅಳೆಯದೆ ಬಿಡುವುದು ಹೇಗೆ?

ಬಡ ವಿಧವೆಯ ಎರಡು ಕಾಸುಗಳನ್ನು ಕರ್ತನು ತೂಗಿದಾಗ, ಆಕೆಯ ಕೈಯಲ್ಲಿ ಏನು ಉಳಿಯಿತೆಂಬುದನ್ನೂ ನೋಡಿದನು. ನಾವೂ ಅದನ್ನೇ ಕೇಳಬೇಕು: ಕಷ್ಟ ಬಂದರೆ ಮೊದಲು ಯಾರ ಬಾಗಿಲಿಗೆ ಹೋಗುವಿರಿ? ಕಳೆದ ಸಲ ಏನನ್ನು ಮಾರಿದಿರಿ? ಯಾರು ಊಟ ಬಿಟ್ಟರು? ಯಾವ ಮಗು ಶಾಲೆ ಬಿಟ್ಟಿತು?

ಇಂಥ ಪ್ರಶ್ನೆಗಳಿಗೆ ಮಾನವಂತರು ಅರ್ಜಿಯ ಹಾಳೆಯಲ್ಲಿ ಉತ್ತರ ಬರೆಯಲಾರರು. ಮನೆಯ ಜಗಲಿಯಲ್ಲಿ ಕುಳಿತು ಕೇಳಬೇಕು. ನಮ್ಮ ಉಪಾಧ್ಯಾಯಿನಿಯರಿಗೆ ಎಲ್ಲ ಬೀದಿಗಳ ಪರಿಚಯವಿಲ್ಲ, ನಿಮಗಿದೆ. ಬರುವ ಜೂನ್ ತಿಂಗಳ ಶನಿವಾರಗಳಲ್ಲಿ ಅವರ ಜೊತೆ ಮನೆಮನೆಗೆ ಬರಲು ಒಪ್ಪುವ ಪೂರ್ವವಿದ್ಯಾರ್ಥಿನಿಯರು ತಮ್ಮ ಹೆಸರನ್ನು ಶಾಲೆಯ ಕಚೇರಿಗೆ ತಿಳಿಸಬೇಕಾಗಿ ಬೇಡುತ್ತೇನೆ.