ಸೈಟು ತೋರಿಸುವ ವ್ಯಾನು: ದಳ್ಳಾಳಿ ಯಾರ ಕಡೆ?

ತುಮಕೂರು: ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಬಸ್ ಸ್ಟ್ಯಾಂಡಿನ ಆಸುಪಾಸು ನಿಂತು ನೋಡಿ. ಗಾಜಿಗೆ ಲೇಔಟಿನ ಹೆಸರು ಅಂಟಿಸಿಕೊಂಡ ವ್ಯಾನುಗಳು ಬಂದು ನಿಲ್ಲುತ್ತವೆ. ಇಸ್ತ್ರಿ ಷರಟಿನ ಹುಡುಗರು 'ಬನ್ನಿ ಸಾರ್, ಬನ್ನಿ ಅಕ್ಕಾ, ಸೈಟ್ ನೋಡ್ಕೊಂಡು ಬರೋಣ' ಅಂತ ಕರೆಯುತ್ತಾರೆ. ಕೈ ಹಿಡಿದು ಎಳೆಯುವುದೊಂದೇ ಬಾಕಿ. ಹೋಗಿ ಬರುವುದು ಪುಕ್ಕಟೆ, ತಿಂಡಿಯೂ ಪುಕ್ಕಟೆ. ಈ ಪುಕ್ಕಟೆ ಇಡ್ಲಿ ಕೊನೆಗೆ ಎಷ್ಟಕ್ಕೆ ಬೀಳುತ್ತದೆ ಅಂತ ನೋಡಲು ಮೊನ್ನೆ ನಾನೂ ಹತ್ತಿ ಕೂತೆ.

ಒಳಗೆ ಎಂಟು ಜನ. ನನ್ನ ಪಕ್ಕದಲ್ಲಿ ಒಬ್ಬ ಕಿರಾಣಿ ಅಂಗಡಿ ಯಜಮಾನರು, ಅವರ ಮನೆಯವರು. ಇಪ್ಪತ್ತೆರಡು ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತವರು. ಚೀಟಿ ಎತ್ತಿ, ಒಡವೆ ಅಡ ಇಟ್ಟು ದುಡ್ಡು ಹೊಂದಿಸಿದ್ದಾರೆ. ಹಿಂದಿನ ಸೀಟಿನಲ್ಲಿ ಪೀಣ್ಯಕ್ಕೆ ದಿನಾ ರೈಲಿನಲ್ಲಿ ಓಡಾಡುವ ಹುಡುಗ. ಅವನ ಪಕ್ಕ ರಿಟೈರಾದ ಮೇಷ್ಟ್ರು.

ವ್ಯಾನು ಹೋದದ್ದು ಶಿರಾ ದಿಕ್ಕಿಗೆ. ದಾರಿಯುದ್ದಕ್ಕೂ ದಳ್ಳಾಳಿಯ ಮಾತು: 'ಮೆಟ್ರೋ ಬರ್ತಾ ಇದೆ ಸಾರ್. ಹೆಲಿಕಾಪ್ಟರ್ ಫ್ಯಾಕ್ಟರಿ ಪಕ್ಕದಲ್ಲೇ. ಎರಡು ವರ್ಷಕ್ಕೆ ಡಬಲ್ಲು.' ಸ್ವಾಮಿ, ಫ್ಯಾಕ್ಟರಿ ಶುರುವಾದದ್ದು ನಿಜ, 2023ರಲ್ಲಿ. ಆದರೆ ಅದಿರುವುದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ. ಬೆಂಗಳೂರಿನ ಮೆಟ್ರೋ ಮಾದಾವರ ಮುಟ್ಟಿದ್ದು 2024ರ ನವೆಂಬರಿನಲ್ಲಿ. ತುಮಕೂರಿನವರೆಗೆ ತರಲು ಆಗುತ್ತದೋ ಇಲ್ಲವೋ ನೋಡುವ ಮಾತು ಅದೇ ವರ್ಷದ ರಾಜ್ಯ ಬಜೆಟ್ಟಿನಲ್ಲಿ ಬಂತು. ಮಾತಿಗೂ ರೈಲಿಗೂ ನಡುವೆ ಎಷ್ಟು ದಿನ ಹಿಡಿಯುತ್ತದೆ ಅಂತ ರಾಯದುರ್ಗದ ಮಾರ್ಗಕ್ಕೆ ಕಾದು ಕೂತ ಪಾವಗಡದವರನ್ನು ಕೇಳಿ. ಬಂದರೂ ಬೆಂಗಳೂರಿನ ಕಡೆಯಿಂದ ಬರಬೇಕು, ಶಿರಾ ಕಡೆಯಿಂದ ಅಲ್ಲ!

ಲೇಔಟಿಗೆ ಬಂದೆವು. ದೊಡ್ಡ ಕಮಾನು, ಸಾಲು ಬಾವುಟ, ಸುಣ್ಣ ಬಳಿದ ಕಲ್ಲು. ಚರಂಡಿ ಇಲ್ಲ, ಕರೆಂಟ್ ಕಂಬ ಇಲ್ಲ. 'ಕಾರ್ನರ್ ಸೈಟು ಒಂದೇ ಉಳಿದಿರೋದು. ಇನ್ನೊಂದು ಪಾರ್ಟಿ ದಾರೀಲಿದಾರೆ. ಐವತ್ತು ಸಾವಿರ ಟೋಕನ್ ಕೊಟ್ಟು ಹಿಡ್ಕೊಂಡ್ಬಿಡಿ.' ಯಜಮಾನರ ಕೈ ಜೇಬಿಗೆ ಹೋಯಿತು. ರಸೀತಿ ಅಂದರೆ ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಡುತ್ತಾರಂತೆ.

ನಾನು ಸುಮ್ಮನೆ ಕೇಳಿದೆ: 'ರೇರಾ ನಂಬರ್ ಎಷ್ಟಪ್ಪಾ? ಲೇಔಟಿಂದೊಂದು, ನಿಂದೊಂದು.'

ಹುಡುಗನ ಮುಖ ಇಳಿಯಿತು. 'ಲೇಔಟಿಗೆ ಅಪ್ಲೈ ಮಾಡಿದೀವಿ ಸಾರ್, ಬಂದ್ಬಿಡುತ್ತೆ' ಅಂದ. ತನ್ನ ನಂಬರಿನ ಸುದ್ದಿಯನ್ನೇ ಎತ್ತಲಿಲ್ಲ.

ಬಂದ ಮೇಲೆ ಮಾರಬೇಕು, ಕಾನೂನು ಇರುವುದು ಹಾಗೆ. 2016ರ ರೇರಾ ಕಾಯಿದೆ ಪ್ರಕಾರ ಐನೂರು ಚದರ ಮೀಟರಿಗಿಂತ ದೊಡ್ಡ ಜಾಗವನ್ನು ಸೈಟು ಮಾಡಿ ಮಾರುವವನು ಮೊದಲು ನೋಂದಾಯಿಸಬೇಕು. ಅಲ್ಲಿಯವರೆಗೆ ಬುಕಿಂಗ್ ಇರಲಿ, ಜಾಹೀರಾತು ಕೂಡ ಕೊಡುವ ಹಾಗಿಲ್ಲ. ಐನೂರು ಚದರ ಮೀಟರು ಅಂದರೆ ಎಷ್ಟು? 30-40ರ ನಾಲ್ಕೂವರೆ ಸೈಟು, ಅಷ್ಟೇ. ಅಂಥ ಲೇಔಟಿನ ಸೈಟು ಮಾರಿಸುವ ದಳ್ಳಾಳಿಗೂ ಬೇರೆ ನೋಂದಣಿ ಬೇಕು. ಇಲ್ಲದೆ ಮಾರಿಸಿದರೆ ದಿನಕ್ಕೆ ಹತ್ತು ಸಾವಿರ ದಂಡ, ಸೈಟಿನ ಬೆಲೆಯ ನೂರಕ್ಕೆ ಐದರವರೆಗೆ. ಕರಾರು ಬರೆದು ರಿಜಿಸ್ಟರ್ ಮಾಡುವ ಮುಂಚೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಡ್ವಾನ್ಸ್ ಮುಟ್ಟುವ ಹಾಗೂ ಇಲ್ಲ. ರೇರಾ ವೆಬ್‌ಸೈಟಿನಲ್ಲಿ ಇಬ್ಬರ ಹೆಸರೂ ಹುಡುಕಬಹುದು. ವ್ಯಾನಿನಲ್ಲಿದ್ದ ಎಂಟೂ ಜನರ ಜೇಬಿನಲ್ಲಿ ಫೋನಿತ್ತು. ಒಬ್ಬರೂ ನೋಡಿರಲಿಲ್ಲ.

ಯಾಕೆ ನೋಡಲಿಲ್ಲ? ದಳ್ಳಾಳಿ 'ನಮ್ಮೋನು' ಎಂಬ ನಂಬಿಕೆ. ಬೀದಿಯ ಪರಿಚಯ, ಅಣ್ಣಾ ಅನ್ನುತ್ತಾನೆ, ಮಗಳ ಮದುವೆಗೆ ಬಂದಿದ್ದ. ಆದರೆ ಲೇಔಟಿನಲ್ಲಿ ಅವನ ಕಮಿಷನ್ ಕೊಡುವವನು ಮಾರುವವನು. ಸೈಟು ಹೋದರೆ ದುಡ್ಡು, ಹೋಗದಿದ್ದರೆ ಡೀಸೆಲ್ ಖರ್ಚೂ ಮೈಮೇಲೆ. ಅಂಥವನು ಹುಳುಕನ್ನು ತಾನಾಗಿ ಹೇಳುತ್ತಾನೆಯೇ? ಪೇಟೆಯೊಳಗೆ ಹಳೇ ಮನೆ ಕೊಡಿಸುವವನು ಎರಡೂ ಕಡೆಯಿಂದ ನೂರಕ್ಕೆ ಒಂದೋ ಎರಡೋ ಎಣಿಸಿಕೊಳ್ಳುತ್ತಾನೆ, ಆ ಮರುಮಾರಾಟಕ್ಕೆ ರೇರಾದ ಹಂಗೂ ಇಲ್ಲ. ಎಲ್ಲರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಮಾತಿಗೆ ತಪ್ಪದ ದಳ್ಳಾಳಿಗಳು ಈ ಊರಲ್ಲಿದ್ದಾರೆ, ಅವರ ಹೊಟ್ಟೆಗೆ ಕಲ್ಲು ಹಾಕುವವರು ಈ ವ್ಯಾನಿನವರೇ.

ವಾಪಸು ಬರುವಾಗ ಮೇಷ್ಟ್ರು ಅಮೆರಿಕದ ಸುದ್ದಿ ತೆಗೆದರು. ಅವರ ಮಗ ಅಲ್ಲಿದ್ದಾನೆ. ಅಲ್ಲಿ ಮಾರುವ ಮನೆಯನ್ನು ಶನಿವಾರ, ಭಾನುವಾರ ಬಾಗಿಲು ತೆಗೆದಿಡುತ್ತಾರೆ, ಯಾರು ಬೇಕಾದರೂ ಹೋಗಿ ನೋಡಬಹುದು, 'ಓಪನ್ ಹೌಸ್' ಅಂತಾರೆ. ಅಲ್ಲೂ ಇದೇ ರಾಮಾಯಣ. ಕೊಳ್ಳುವವನ ದಳ್ಳಾಳಿಗೂ ಮಾರುವವನ ದುಡ್ಡಿನಿಂದಲೇ ಕಮಿಷನ್ ಹೋಗುತ್ತಿತ್ತು. ಮನೆ ಮಾರಿದವರು ಕೋರ್ಟಿಗೆ ಹೋದರು. 2023ರಲ್ಲಿ ಮಿಸ್ಸೌರಿಯ ಜ್ಯೂರಿ ದಳ್ಳಾಳಿಗಳ ರಾಷ್ಟ್ರೀಯ ಸಂಘದ ವಿರುದ್ಧ ತೀರ್ಪು ಕೊಟ್ಟಿತು. 2024ರಲ್ಲಿ ಸಂಘ 41.8 ಕೋಟಿ ಡಾಲರಿಗೆ ರಾಜಿಯಾಯಿತು. ಆ ವರ್ಷದ ಆಗಸ್ಟ್ 17ರಿಂದ ಕೊಳ್ಳುವವನ ದಳ್ಳಾಳಿ ತನ್ನ ಕೂಲಿ ಎಷ್ಟು ಅಂತ ಬರೆದು ಸಹಿ ಹಾಕಿಸಿಕೊಂಡ ಮೇಲೇ ಮನೆ ತೋರಿಸಬೇಕು. ನಮ್ಮಲ್ಲಿ 'ನಿನಗೆ ಕಮಿಷನ್ ಕೊಡೋದು ಯಾರಪ್ಪಾ?' ಅಂತ ಬಾಯಿಮಾತಿಗೂ ಕೇಳಲು ಸಂಕೋಚ.

ಇನ್ನು ಕಾಗದ. 'ಇ.ಸಿ. ಕ್ಲೀನ್ ಇದೆ ಸಾರ್' ಅಂತ ಝೆರಾಕ್ಸ್ ತೋರಿಸುತ್ತಾರೆ. ಇ.ಸಿ.ಯಲ್ಲಿ ಕಾಣುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಆ ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ? 1978ರ ಪಿ.ಟಿ.ಸಿ.ಎಲ್. ಕಾಯಿದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ರದ್ದು, ಜಮೀನು ಮೂಲದವರಿಗೆ ವಾಪಸು. ಬಡವನಿಗೆ ಕೊಟ್ಟ ಭೂಮಿ ಕೈತಪ್ಪಬಾರದು ಅಂತ ಮಾಡಿದ ಕಾನೂನು, ಸರಿಯಾದದ್ದೇ. ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಇದು ತಿಳಿಯುವುದು ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ. ಹುಡುಕಿಸಲು ವಕೀಲರು ನಾಲ್ಕು ಕಾಸು ಕೇಳುತ್ತಾರೆ. ಅದು ದುಬಾರಿ ಅಂತ ಗೊಣಗುವ ನಾವು ದಳ್ಳಾಳಿಗೆ ಲೆಕ್ಕ ಕೇಳದೆ ಕೊಡುತ್ತೇವೆ. ರಿಜಿಸ್ಟ್ರೇಷನ್ ಫೀಸು ಬೇರೆ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ ಒಂದರಿಂದ ಎರಡಾಗಿದೆ. ಕೆಟ್ಟ ಸೈಟಿಗೂ ಅಷ್ಟೇ ಫೀಸು.

ಯಜಮಾನರು ಅವತ್ತು ಟೋಕನ್ ಕೊಡಲಿಲ್ಲ. ಅವರ ಮನೆಯವರೇ ಸೆರಗು ಬಿಗಿಮಾಡಿಕೊಂಡು 'ನಂಬರ್ ಬರಲಿ, ಆಮೇಲೆ ನೋಡೋಣ ನಡೀರಿ' ಅಂದರು. ಸೋಮವಾರ ಝೆರಾಕ್ಸ್ ಕಟ್ಟು ಕೇಳಿದ್ದಕ್ಕೆ 'ಟೋಕನ್ ಕೊಟ್ಟವರಿಗೆ ಮಾತ್ರ' ಎಂಬ ಉತ್ತರ ಬಂತಂತೆ. ನಿನ್ನೆ ಅಂಗಡಿಗೆ ಹೋಗಿದ್ದಾಗ ಅವರ ಫೋನು ಮತ್ತೆ ಬಡಿಯಿತು. ದಾರಿಯಲ್ಲಿದ್ದ ಆ ಇನ್ನೊಂದು ಪಾರ್ಟಿ ಇನ್ನೂ ತಲುಪಿಲ್ಲವಂತೆ, ಕಾರ್ನರ್ ಸೈಟು ಹಾಗೇ ಇದೆಯಂತೆ.