ಬದುವಿನಲ್ಲಿ ಹೂವಿದ್ದರೆ ಸೂರಕ್ಕಿ ತಾನೇ ಬರುತ್ತೆ

ಹೂವಿನ ರಸ ಹೀರುವ ಪುಟ್ಟ ಹಕ್ಕಿ ಕಂಡರೆ ಪೇಟೆಯಿಂದ ಬಂದ ಹುಡುಗರು ‘ಹಮ್ಮಿಂಗ್ ಬರ್ಡ್’ ಅಂತಾರೆ. ಅದು ಅಮೆರಿಕ ಖಂಡಗಳ ಹಕ್ಕಿ, ನಮ್ಮ ದೇಶದಲ್ಲಿಲ್ಲ. ನಮ್ಮದು ಸೂರಕ್ಕಿ. ಅದು ಗಾಳಿಯಲ್ಲೇ ನಿಂತು ಹೀರುತ್ತೆ; ಇದು ಹೆಚ್ಚಾಗಿ ಕೊಂಬೆ ಹಿಡಿದು ಕೂತೇ ಕೊಕ್ಕು ತೂರಿಸುತ್ತೆ.

ಸೂರಕ್ಕಿ ಬರಬೇಕಾದರೆ ನರ್ಸರಿಯಿಂದ ಸದಾ ಹೂ ಬಿಡುವ ದುಬಾರಿ ಗಿಡ ತರಬೇಕು ಅನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಳೆ ನಂಬಿದ ಹೊಲದಲ್ಲಿ ಅದಕ್ಕೆ ನೀರು ಹೊರುವವರು ಯಾರು? ಒಂದೇ ಗಿಡ ವರ್ಷವಿಡೀ ಹೂ ಬಿಡಬೇಕಿಲ್ಲ. ಒಂದು ಮುಗಿಯುವಾಗ ಇನ್ನೊಂದು ಬಿಟ್ಟರೆ ಸಾಕು.

ಚಳಿಗಾಲಕ್ಕೆ ಆಡುಸೋಗೆ. ದನ, ಆಡು ಬಾಯಿ ಹಾಕಲ್ಲ, ಬೇಲಿಗೂ ಆಯಿತು. ಸಂಕ್ರಾಂತಿ ಕಳೆದ ಮೇಲೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಶಿವರಾತ್ರಿ ಸುಮಾರಿಗೆ ಮುತ್ತುಗ, ಹಾಲುವಾಣ. ಮುತ್ತುಗದ ಪರಾಗಸ್ಪರ್ಶದಲ್ಲಿ ಸೂರಕ್ಕಿಯದೇ ದೊಡ್ಡ ಪಾಲು. ನಡುನಡುವೆ ನುಗ್ಗೆ. ಬಚ್ಚಲ ನೀರಿಗೆ ಬಾಳೆ, ದಾಸವಾಳ.

ಗೊಬ್ಬರದ ಗಿಡದ ಬಗ್ಗೆ ಒಂದು ಮಾತು. ಅದು ಹೂ ಬಿಡುವುದು ಬಲಿತ ಕೊಂಬೆಯಲ್ಲಿ. ಸೊಪ್ಪಿಗೆಂದು ಎಲ್ಲವನ್ನೂ ಪದೇ ಪದೇ ಸವರಿದರೆ ಹೂವೇ ಕಾಣಲ್ಲ. ನಾಲ್ಕು ಗಿಡಕ್ಕೆ ಒಂದನ್ನು ಕಡಿಯದೆ ಬಿಡಿ. ಮಿಕ್ಕ ಮೂರರ ಸೊಪ್ಪು ಭೂಮಿಗೆ ಸೇರಲಿ.

‘ಬದು ಕಿತ್ತರೆ ಇನ್ನೆರಡು ಸಾಲು ಶೇಂಗಾ ಬರುತ್ತಲ್ಲ?’ ಅಂತ ಜೆಸಿಬಿ ಕರೆಸುವವರು ಕೇಳ್ತಾರೆ. ಬರಬಹುದು. ಆದರೆ ಜೋರು ಮಳೆಗೆ ಮೇಲ್ಮಣ್ಣು ಹಳ್ಳ ಸೇರಿದರೆ ಆ ಎರಡು ಸಾಲಲ್ಲ, ಇಡೀ ಹೊಲವೇ ಬಡವಾಗುತ್ತೆ. ‘ನೆರಳು ಬೀಳುತ್ತೆ’ ಅಂತಾರೆ. ಮುತ್ತುಗ, ಹಾಲುವಾಣ ಹೂ ಬಿಡುವಾಗ ಎಲೆ ಉದುರಿರುತ್ತೆ, ಹೊಲವೂ ಖಾಲಿ. ಬೆಳೆ ಕಾಲದ ನೆರಳು ಬೇಡವೆಂದರೆ ಅವನ್ನು ದಾರಿ ಬದಿಯ ಬದುವಿಗೆ ಹಾಕಿ.

ಸೂರಕ್ಕಿ ಬಂದರೆ ಇಳುವರಿ ಏರುತ್ತೆ ಅಂತ ನಾನು ಹೇಳೋದಿಲ್ಲ. ಆದರೆ ಅದು ಮರಿಗೆ ಉಣಿಸುವುದು ಹುಳು, ಜೇಡಗಳನ್ನು. ವಿಷ ಹೊಡೆದ ಹುಳು ಗೂಡು ಸೇರಿದರೆ ಮರಿಯ ಗತಿ ಏನು? ಔಷಧಿ ಹೊಡೆಯಲೇಬೇಕಾದಾಗಲೂ ಹೂಬಿಟ್ಟ ಬದುವಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಕಳೆನಾಶಕವಂತೂ ಬದುವಿಗೆ ಬೇಡವೇ ಬೇಡ.

ಸೊಪ್ಪು, ಬೇಲಿ, ನುಗ್ಗೆಕಾಯಿ, ಮುತ್ತುಗದೆಲೆ ಎಲ್ಲ ನಮಗೇ. ಹಕ್ಕಿ ಕೇಳೋದು ಹೂವಿನೊಳಗಿನ ಒಂದು ಹನಿ ಅಷ್ಟೆ. ಅದಕ್ಕೂ ಜಾಗವಿಲ್ಲ ಅನ್ನುವಷ್ಟು ಇಕ್ಕಟ್ಟೇ ನಮ್ಮ ಹೊಲ?

ಆಷಾಢದಲ್ಲಿ ನೀರು ಹಾಕದೆ ಹೂ ಬಿಡುವ ಗಿಡ ನಿಮ್ಮ ಬದುವಿನಲ್ಲಿ ಯಾವುದಿದೆ? ಗೊತ್ತಿದ್ದವರು ಬರೆಯಿರಿ.